ಅತ್ತೆಯ ಪೂಜೆಯಲ್ಲಿ ಪರಮಪ್ರಸಾದ ಸಿಗಲಿಲ್ಲ, ಅಜ್ಜ ಲಿಂಗಾಯತರು: ಕ್ಯಾಥೊಲಿಕರ ಲೆಕ್ಕದಲ್ಲಿ ನಾವು ಯಾರು?

ಪ್ರಶ್ನೆ: ನಾನು ಧಾರವಾಡದವಳು. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಅನ್ನುವ ಪ್ರಾಟೆಸ್ಟಂಟ್ ಸಭೆಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಹನ್ನೆರಡು ವರ್ಷದಿಂದ ಮಂಗಳೂರಿನಲ್ಲಿದ್ದೇನೆ, ಗಂಡ ಕ್ಯಾಥೊಲಿಕ್. ಹೋದ ತಿಂಗಳು ಅತ್ತೆ ತೀರಿಕೊಂಡರು. ಮಣ್ಣಿನ ದಿನ ಚರ್ಚಿನ ಪೂಜೆಯಲ್ಲಿ ಮನೆಯವರೆಲ್ಲ ಪರಮಪ್ರಸಾದಕ್ಕೆ (ಕಮ್ಯುನಿಯನ್) ಎದ್ದು ಹೋದರು. ನಾನೊಬ್ಬಳೇ ಬೆಂಚಿನಲ್ಲಿ ಕೂತಿದ್ದೆ. ಕೊನೆಯ ಮೂರು ವರ್ಷ ಅವರನ್ನು ನೋಡಿಕೊಂಡವಳು ನಾನು. ನಿಮ್ಮ ಲೆಕ್ಕದಲ್ಲಿ ನಾನು ಕ್ರೈಸ್ತಳೇ ಅಲ್ವಾ? ಇನ್ನೊಂದು ಮಾತು. ನನ್ನ ತಾಯಿಯ ಅಪ್ಪ ಲಿಂಗಾಯತರು. ಮಗಳು ಕ್ರೈಸ್ತರ ಮನೆ ಸೇರಿದಾಗ ಬೇಡ ಅನ್ನಲಿಲ್ಲ. ತಾವು ಮಾತ್ರ ಕೊನೆಯ ದಿನದವರೆಗೂ ಇಷ್ಟಲಿಂಗ ಪೂಜೆ ಬಿಡಲಿಲ್ಲ. ಅವರ ಮಾತು ಬಂದಾಗ ಗಂಡನ ಕಡೆಯ ಹಿರಿಯರೊಬ್ಬರು, 'ಧರ್ಮಸಭೆಯ ಹೊರಗೆ ಉದ್ಧಾರವಿಲ್ಲ' ಅಂದರು. ಹಾಗಾದರೆ ನನ್ನಜ್ಜ ಈಗ ಎಲ್ಲಿದ್ದಾರೆ? ಗಂಡ ಅಜ್ಜನ ಹೆಸರಿನಲ್ಲಿ ಒಂದು ಪೂಜೆ ಹೇಳಿಸೋಣ ಅನ್ನುತ್ತಾರೆ. ಅದು ಆಗುತ್ತಾ?

ಉತ್ತರ: ಮೊದಲು ಆ ಬೆಂಚಿನ ಮಾತು. ಅಂದು ನಿಮ್ಮನ್ನು ಅಲ್ಲಿ ಕೂರಿಸಿದ್ದು ಪರಮಪ್ರಸಾದದ ಬಗ್ಗೆ ನಮ್ಮಲ್ಲಿರುವ ಒಂದು ನಿಯಮ. ನೀವು ಕ್ರೈಸ್ತಳೋ ಅಲ್ಲವೋ ಅನ್ನುವ ಪ್ರಶ್ನೆಗೂ ಅದಕ್ಕೂ ಸಂಬಂಧವಿಲ್ಲ. ಪೂಜೆಗೆ ಮುಂಚೆ ಯಾರಾದರೂ ನಿಮ್ಮ ಪಕ್ಕ ಕೂತು ಎರಡು ಮಾತಿನಲ್ಲಿ ಇದನ್ನು ಹೇಳಿದ್ದರೆ ನೀವು ಇಷ್ಟು ದೊಡ್ಡ ಪತ್ರ ಬರೆಯಬೇಕಾಗಿರಲಿಲ್ಲ. 'ಕ್ಯಾಥೊಲಿಕರು ಮಾತ್ರ ಬನ್ನಿ' ಅಂತ ಮೈಕಿನಲ್ಲಿ ಹೇಳಿ ಮುಗಿಸುವುದು ಸುಲಭ. ಸಾವಿನ ಮನೆಯವರಿಗೆ ಅದು ಹೇಗೆ ಕೇಳಿಸುತ್ತದೆ ಅನ್ನುವುದು ಬೇರೆ ಮಾತು. ನಾನೂ ಕ್ಯಾಥೊಲಿಕ್ ಗುರುಗಳಲ್ಲಿ (ಫಾದರ್) ಒಬ್ಬ, ನಾನೂ ಹಾಗೆ ಮೈಕಿನಲ್ಲಿ ಹೇಳಿದವನೇ. ಕ್ಷಮಿಸಿ.

ಈಗ ನಿಮ್ಮ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ. ಅದು ನಮಗೆ ಪೂರ್ತಿ ಒಪ್ಪಿಗೆ. ನೀರು ಇರಬೇಕು, ತಂದೆಯ, ಪುತ್ರನ, ಪವಿತ್ರಾತ್ಮನ ಹೆಸರು ಹೇಳಿರಬೇಕು, ಕ್ರೈಸ್ತ ಸಭೆ ಮಾಡುವುದನ್ನೇ ಮಾಡುವ ಮನಸ್ಸು ಇರಬೇಕು. ಇಷ್ಟಿದ್ದರೆ ಮುಗಿಯಿತು. ಕೊಟ್ಟವರು ಕ್ಯಾಥೊಲಿಕ್ ಗುರುಗಳೇ ಆಗಿರಬೇಕಿಲ್ಲ. ನಾಳೆ ನೀವು ಕ್ಯಾಥೊಲಿಕ್ ಸಭೆ ಸೇರುತ್ತೇನೆ ಅಂದರೂ ನಿಮ್ಮ ತಲೆಯ ಮೇಲೆ ಇನ್ನೊಮ್ಮೆ ನೀರು ಸುರಿಯುವ ಹಾಗಿಲ್ಲ. ಸುರಿದರೆ ತಪ್ಪು ನಮ್ಮದು. ವಿಶ್ವಾಸ ಪ್ರಕಟಣೆ ಮಾಡಿಸಿ, ದೃಢೀಕರಣ (ಕನ್ಫರ್ಮೇಶನ್) ಕೊಟ್ಟು, ಪರಮಪ್ರಸಾದಕ್ಕೆ ಕರೆಯುತ್ತೇವೆ, ಅಷ್ಟೇ.

ಇದು ನಿನ್ನೆ ಮೊನ್ನೆಯ ಉದಾರತನವೂ ಅಲ್ಲ. ಮೂರನೆಯ ಶತಮಾನದಲ್ಲೇ ಇದರ ಮೇಲೆ ದೊಡ್ಡ ಜಗಳ ನಡೆದಿದೆ. ಆ ಜಗಳದಲ್ಲಿ ಒಂದು ಸ್ವಾರಸ್ಯವಿದೆ. ನಿಮ್ಮ ಹಿರಿಯರು ಹೇಳಿದ 'ಧರ್ಮಸಭೆಯ ಹೊರಗೆ ಉದ್ಧಾರವಿಲ್ಲ' ಅನ್ನುವ ಮಾತು ಇದೆಯಲ್ಲ, ಅದನ್ನು ಬರೆದವರು ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್. 256ರ ಸುಮಾರಿಗೆ ಬರೆದ ಒಂದು ಪತ್ರದಲ್ಲಿ. ಸಭೆ ಬಿಟ್ಟು ಹೋದ ಗುಂಪುಗಳು ಕೊಟ್ಟ ದೀಕ್ಷಾಸ್ನಾನ ಸುಳ್ಳು, ಅವರು ಮರಳಿ ಬಂದರೆ ಹೊಸದಾಗಿ ಕೊಡಬೇಕು ಅಂತ ವಾದಿಸಲು ಅವರು ಆ ಮಾತು ಬಳಸಿದರು. ರೋಮಿನ ಪೋಪ್ ಸ್ಟೀಫನ್ ಒಪ್ಪಲಿಲ್ಲ. ಹೊರಗಿನವರು ಕೊಟ್ಟದ್ದೂ ಕ್ರಿಸ್ತನದೇ, ಮತ್ತೆ ಕೊಡಬೇಡಿ ಅಂದರು. ಕೊನೆಗೆ ಗೆದ್ದದ್ದು ರೋಮ್. ಅಂದರೆ ಆ ಮಾತು ಉಳಿಯಿತು, ಅದನ್ನು ಯಾವ ವಾದಕ್ಕಾಗಿ ಹೇಳಿದರೋ ಆ ವಾದ ಬಿದ್ದುಹೋಯಿತು! ಆ ಹಿರಿಯರಿಗೆ ಸಮಯ ಸಿಕ್ಕಾಗ ಈ ಕತೆ ಹೇಳಿ.

ಪ್ರಾಟೆಸ್ಟಂಟರ ವಿಷಯದಲ್ಲೂ, ನಮ್ಮ ಬಿಷಪ್ಪರು ಸೇರಿದ ಟ್ರೆಂಟ್ ಮಹಾಸಭೆ ಇದೇ ಮಾತು ಹೇಳಿತು. 1545ರಿಂದ 1563ರವರೆಗೆ ನಡೆದ ಆ ಮಹಾಸಭೆ ಕರೆದದ್ದೇ ಪ್ರಾಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಜರ್ಮನಿಯ ಲೂಥರ್ ಎಬ್ಬಿಸಿದ ಪ್ರಶ್ನೆಗಳಿಗೆ ಉತ್ತರ ಹೇಳಲು. ಅಷ್ಟು ಬಿಸಿಯ ನಡುವೆಯೂ 'ಅವರ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ' ಅನ್ನುವವರನ್ನೇ ಅದು ಖಂಡಿಸಿತು. ಆಮೇಲೂ ನಮ್ಮ ಕೆಲವು ಹಳೆಯ ಗುರುಗಳು ಅನುಮಾನ ಬಿಡಲಿಲ್ಲ. 'ನಿನಗೆ ಈಗಾಗಲೇ ಆಗಿಲ್ಲದಿದ್ದರೆ' ಅಂತ ಷರತ್ತು ಹಾಕಿ ಇನ್ನೊಮ್ಮೆ ನೀರು ಹಾಕುವ ರೂಢಿ ಇತ್ತು. ಈಗ ನಿಜವಾದ ಅನುಮಾನ ಇದ್ದರೆ ಮಾತ್ರ ಅದು.

ಈ ಬಾಗಿಲು ಎಷ್ಟು ಅಗಲ ಗೊತ್ತಾ? ಮಗು ಸಾಯುವ ಸ್ಥಿತಿಯಲ್ಲಿದ್ದರೆ ಪಕ್ಕದಲ್ಲಿರುವ ಹಿಂದೂ ಅಥವಾ ಮುಸ್ಲಿಂ ನರ್ಸ್ ಕೂಡ ದೀಕ್ಷಾಸ್ನಾನ ಕೊಡಬಹುದು. ಮನಸ್ಸಿನಲ್ಲಿ 'ಕ್ರೈಸ್ತರು ಮಾಡುವುದನ್ನು ಮಾಡುತ್ತಿದ್ದೇನೆ' ಅಂತಿದ್ದರೆ ಸಾಕು. ನಮ್ಮ ಕಾನೂನು ಪುಸ್ತಕದಲ್ಲೇ ಹಾಗಿದೆ. ಅದೇ ಸಮಯಕ್ಕೆ ಇದು ಎಷ್ಟು ಕಟ್ಟುನಿಟ್ಟು ಅಂದರೆ, 2020ರಲ್ಲಿ ರೋಮ್ ಒಂದು ತೀರ್ಪು ಕೊಟ್ಟಿತು. 'ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ' ಅನ್ನುವ ಬದಲು 'ನಾವು ಕೊಡುತ್ತೇವೆ' ಅಂದ ಕ್ಯಾಥೊಲಿಕ್ ಗುರುಗಳ ಕೆಲಸ ಸಿಂಧುವಲ್ಲ. ಹಾಗಾಗಿ ಧಾರವಾಡದ ನಿಮ್ಮ ಸಭಾಪಾಲಕರು ಸರಿಯಾಗಿ ಮಾಡಿದ್ದು ನಿಲ್ಲುತ್ತದೆ, ನಮ್ಮವರು ಮಾತು ತಪ್ಪಿದ್ದು ನಿಲ್ಲುವುದಿಲ್ಲ. ಕ್ರೈಸ್ತರು ಅಂತ ಬೋರ್ಡು ಹಾಕಿಕೊಂಡ ಎಲ್ಲರದ್ದೂ ನಡೆಯುತ್ತದೆ ಅಂತೇನಿಲ್ಲ. ಯೆಹೋವನ ಸಾಕ್ಷಿಗಳದ್ದು, ಮಾರ್ಮನರದ್ದು ನಾವು ಒಪ್ಪುವುದಿಲ್ಲ, ಏಕೆಂದರೆ ತಂದೆ, ಪುತ್ರ, ಪವಿತ್ರಾತ್ಮ ಅಂದಾಗ ಅವರು ಹೇಳುವ ಅರ್ಥವೇ ಬೇರೆ. ಸಿ.ಎಸ್.ಐ. ವಿಷಯದಲ್ಲಿ ಆ ತಕರಾರು ಇಲ್ಲ.

ಇದರಿಂದ ಇನ್ನೊಂದು ಫಲವೂ ಇದೆ. ದೀಕ್ಷಾಸ್ನಾನ ಪಡೆದ ಇಬ್ಬರ ನಡುವಿನ ಸಿಂಧುವಾದ ಮದುವೆ ನಮ್ಮ ಪ್ರಕಾರ ಸಂಸ್ಕಾರ, ಅಂದರೆ ದೇವರ ಕೃಪೆ ಹರಿಯುವ ಪವಿತ್ರ ವಿಧಿ. ಬಿಷಪ್ಪರ ಅನುಮತಿ ಪಡೆದು ಆದ ನಿಮ್ಮ ಮದುವೆಯೂ ಹಾಗೆಯೇ. ಅದು ಅರ್ಧ ಸಂಸ್ಕಾರ, ಮುಕ್ಕಾಲು ಸಂಸ್ಕಾರ ಅಂತಿಲ್ಲ. ನಾನು ವರ್ಷಗಟ್ಟಲೆ ಮದುವೆ ಕಾಗದಗಳ ಮೇಜಿನ ಮುಂದೆ ಕೂತವನು. ಇಂಥ ಮದುವೆಯಾದವರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇರುವುದಿಲ್ಲ. 'ಪರ್ಮಿಷನ್ ಹಾಕಿಸಿ ಆದ ಮದುವೆ' ಅಂತ ಕೊಂಚ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ತಗ್ಗಿಸಬೇಕಾದ್ದು ಏನೂ ಇಲ್ಲ.

ಹಾಗಾದರೆ ಪರಮಪ್ರಸಾದ ಯಾಕಿಲ್ಲ? ಇಲ್ಲಿ ನಿಮಗೂ ನಮಗೂ ನಿಜವಾದ ಭಿನ್ನಾಭಿಪ್ರಾಯ ಇದೆ. ಅದನ್ನು ಸಿಹಿ ಮಾತಿನಲ್ಲಿ ಮುಚ್ಚುವುದು ನಿಮಗೆ ಮಾಡುವ ಅವಮಾನ.

ಪರಮಪ್ರಸಾದ ಕ್ರಿಸ್ತನ ದೇಹವೇ ಅನ್ನುವುದು ನಮ್ಮ ನಂಬಿಕೆ. ಅದನ್ನು ಸ್ವೀಕರಿಸುವವರು ಒಂದೇ ಸಭೆಯಲ್ಲಿ, ಒಂದೇ ವಿಶ್ವಾಸದಲ್ಲಿ ಇದ್ದೇವೆ ಅಂತ ಸಾರುತ್ತಾರೆ ಅನ್ನುವುದೂ ನಮ್ಮ ನಂಬಿಕೆ. ನಿಮ್ಮ ಕಡೆ ಇದನ್ನು ಅತಿಥಿ ಸತ್ಕಾರದ ಹಾಗೆ ನೋಡುತ್ತಾರೆ. ಕ್ರಿಸ್ತನ ಮೇಜು, ಅವನನ್ನು ನಂಬಿದವರೆಲ್ಲ ಬನ್ನಿ ಅಂತ. ಅದಕ್ಕೂ ಅದರದ್ದೇ ಚೆಲುವಿದೆ. ನಮ್ಮಲ್ಲಿ ಅದು ಒಪ್ಪಂದಕ್ಕೆ ಸಹಿ ಹಾಕಿದ ಹಾಗೆ. ಮನಸ್ಸು ಒಂದಾಗುವ ಮುಂಚೆ ಸಹಿ ಹಾಕುವುದು ಸುಳ್ಳಾಗುತ್ತದೆ ಅನ್ನುವುದು ನಮ್ಮ ವಾದ. ಗುರುದೀಕ್ಷೆಯ, ಅಂದರೆ ಒಬ್ಬರನ್ನು ಗುರುವಾಗಿ ಅಭಿಷೇಕಿಸುವ ವಿಧಿಯ ಪ್ರಶ್ನೆಯೂ ಇದೆ. ಸಿ.ಎಸ್.ಐ. 1947ರ ಸೆಪ್ಟೆಂಬರಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಸಭೆಗಳು ಕೂಡಿ ಆದದ್ದು. ಅದರ ಬಿಷಪ್ಪರ ಸಾಲು (ಒಬ್ಬ ಬಿಷಪ್ಪರಿಂದ ಇನ್ನೊಬ್ಬರಿಗೆ ದೀಕ್ಷೆ ಸಾಗಿ ಬರುವುದು) ಆಂಗ್ಲಿಕನ್ ಕಡೆಯಿಂದ ಬಂತು. ಆದರೆ ಆಂಗ್ಲಿಕನ್ ಗುರುದೀಕ್ಷೆ ಸಿಂಧುವಲ್ಲ ಅಂತ ಪೋಪ್ 13ನೆಯ ಲಿಯೋ 1896ರಲ್ಲೇ ಹೇಳಿಬಿಟ್ಟಿದ್ದಾರೆ. ಆ ತೀರ್ಪು ಇವತ್ತಿಗೂ ಬದಲಾಗಿಲ್ಲ. ಹೀಗಾಗಿ ನಿಮ್ಮ ಪ್ರಭು ಭೋಜನದಲ್ಲಿ ನಿಮ್ಮ ಗಂಡನೂ ಪಾಲು ತೆಗೆದುಕೊಳ್ಳುವ ಹಾಗಿಲ್ಲ. ಅವರು ಧಾರವಾಡಕ್ಕೆ ಬಂದಾಗ ಬೆಂಚಿನಲ್ಲೇ ಕೂತಿರಬೇಕು.

ಕಾನೂನಿನಲ್ಲಿ ಒಂದು ಸಣ್ಣ ಬಾಗಿಲು ಉಂಟು. ಸಾವಿನ ಅಪಾಯ ಇದ್ದರೆ, ಅಥವಾ ಬಿಷಪ್ಪರು 'ಇದು ಗಂಭೀರ ಅಗತ್ಯ' ಅಂದರೆ, ಬೇರೆ ಸಭೆಯ ಕ್ರೈಸ್ತರಿಗೂ ಪಾಪನಿವೇದನೆ, ಪರಮಪ್ರಸಾದ, ರೋಗಿಗಳ ಅಭ್ಯಂಗ (ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವುದು) ಕೊಡಬಹುದು. ತಮ್ಮ ಸಭಾಪಾಲಕರು ಸಿಗದಿರಬೇಕು, ತಾವಾಗಿ ಕೇಳಬೇಕು, ಆ ಸಂಸ್ಕಾರದ ಬಗ್ಗೆ ಕ್ಯಾಥೊಲಿಕ್ ವಿಶ್ವಾಸ ಇರಬೇಕು, ಮನಸ್ಸು ಸಿದ್ಧವಾಗಿರಬೇಕು.

ನಿಮ್ಮಂಥವರ ಪ್ರಶ್ನೆಗೆ ಮೇಲಿನವರೂ ತಡವರಿಸಿದ್ದಾರೆ ಅಂತ ಹೇಳಿದರೆ ಸಮಾಧಾನ ಆಗುತ್ತೋ ಏನೋ. 2015ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಲೂಥರನ್ ಚರ್ಚಿಗೆ ಹೋಗಿದ್ದರು. ಕ್ಯಾಥೊಲಿಕ್ ಗಂಡನಿರುವ ಲೂಥರನ್ ಹೆಣ್ಣುಮಗಳೊಬ್ಬರು ಎದ್ದು, ನಾವಿಬ್ಬರೂ ಒಟ್ಟಿಗೆ ಸ್ವೀಕರಿಸುವುದು ಯಾವಾಗ ಅಂತ ಕೇಳಿದರು. ನಿಮ್ಮದೇ ಪ್ರಶ್ನೆ. ಪೋಪ್ ಸುತ್ತಿ ಬಳಸಿ ಮಾತಾಡಿ ಕೊನೆಗೆ, ಪ್ರಭುವಿನ ಜೊತೆ ಮಾತಾಡಿ ಮುಂದೆ ಹೋಗಿ, ಇದಕ್ಕಿಂತ ಹೆಚ್ಚು ಹೇಳುವ ಧೈರ್ಯ ನನಗಿಲ್ಲ ಅನ್ನುವ ಅರ್ಥದಲ್ಲಿ ಹೇಳಿದರು. ಅದನ್ನು ಕೆಲವರು ಒಪ್ಪಿಗೆ ಅಂದರು, ಕೆಲವರು ಅಲ್ಲ ಅಂದರು. 2018ರಲ್ಲಿ ಜರ್ಮನಿಯ ಬಿಷಪ್ಪರಲ್ಲಿ ಹೆಚ್ಚಿನವರು ಇಂಥ ದಂಪತಿಗಳಿಗೆ ದಾರಿ ಮಾಡಿಕೊಡುವ ಕೈಪಿಡಿ ಸಿದ್ಧಮಾಡಿದರು. ಇದಿನ್ನೂ ಪ್ರಕಟಿಸುವಷ್ಟು ಮಾಗಿಲ್ಲ ಅಂತ ರೋಮ್ ಹೇಳಿತು. ಇವತ್ತಿನ ಸ್ಥಿತಿ ಅಷ್ಟೇ. ನನ್ನ ಅಭಿಪ್ರಾಯ ಕೇಳಿದರೆ, ನಿಯಮಕ್ಕೆ ಕಾರಣವಿದೆ, ಆದರೆ ಒಂದೇ ಸಂಸ್ಕಾರದಲ್ಲಿ ಕಟ್ಟಿದ ಇಬ್ಬರನ್ನು ಇನ್ನೊಂದು ಸಂಸ್ಕಾರದ ಮುಂದೆ ಬೇರೆ ಮಾಡುವಾಗ ಆ ಕಾರಣ ಕುಂಟುತ್ತದೆ.

ಬೆಂಚಿನಲ್ಲಿ ಕೂತವರೆಲ್ಲ ಹೊರಗಿನವರು ಅಂತಲೂ ಅಂದುಕೊಳ್ಳಬೇಡಿ. ಗಂಭೀರ ಪಾಪ ಮಾಡಿ ಪಾಪನಿವೇದನೆ ಮಾಡದ ಕ್ಯಾಥೊಲಿಕರೂ ಎದ್ದು ಹೋಗಬಾರದು. ಅವತ್ತು ನಿಮ್ಮ ಜೊತೆ ಇನ್ನೂ ನಾಲ್ಕು ಜನ ಕೂರಬೇಕಿತ್ತೋ ಏನೋ, ದೇವರಿಗೇ ಗೊತ್ತು.

ಇನ್ನು ನಿಮ್ಮ ಸಭೆಯನ್ನು ನಾವು ಏನಂತ ಕರೆಯುತ್ತೇವೆ? ನಾನು ಚಿಕ್ಕವನಿದ್ದಾಗ ಹಳೆಯ ಧರ್ಮೋಪದೇಶದ ಪುಸ್ತಕದಲ್ಲಿ 'ಪಾಷಂಡಿಗಳು' ಅಂತಿತ್ತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಮೇಲೆ ಆ ಮಾತು ಹೋಯಿತು, 'ಅಗಲಿದ ಸೋದರರು' ಬಂದರು. ಪದ ಬದಲಾದದ್ದಕ್ಕಿಂತ ಮುಖ್ಯವಾದ ಮೂರು ಮಾತು ಆ ಮಹಾಸಭೆ 1964ರ ನವೆಂಬರಿನಲ್ಲಿ ಹೇಳಿತು. ಒಡಕಿಗೆ ಎರಡೂ ಕಡೆಯವರ ತಪ್ಪಿದೆ. ಇವತ್ತು ಆ ಸಭೆಗಳಲ್ಲಿ ಹುಟ್ಟಿ ಬೆಳೆದವರ ತಲೆಗೆ ಒಡಕಿನ ಪಾಪ ಕಟ್ಟುವ ಹಾಗಿಲ್ಲ. ಕ್ರಿಸ್ತನ ಆತ್ಮ ಆ ಸಭೆಗಳನ್ನೂ ಉದ್ಧಾರದ ಸಾಧನವಾಗಿ ಬಳಸಲು ಹಿಂಜರಿದಿಲ್ಲ. ಮೂರನೆಯದನ್ನು ಇನ್ನೊಮ್ಮೆ ಓದಿ. ನೀವು ಚರ್ಚಿಗೆ ಹೋಗುತ್ತಿದ್ದರೂ ದೇವರು ನಿಮ್ಮನ್ನು ಕಾಪಾಡುತ್ತಾನೆ ಅಂತಲ್ಲ. ನಿಮ್ಮ ಚರ್ಚಿನ ಮೂಲಕವೇ ಕಾಪಾಡುತ್ತಾನೆ ಅಂತ.

ಹಾಗಂತ ಎಲ್ಲ ಸಭೆಗಳೂ ಒಂದೇ ಅಂತ ನಾವು ಹೇಳುವುದಿಲ್ಲ. ಕ್ರಿಸ್ತ ಸ್ಥಾಪಿಸಿದ ಸಭೆ ಪೂರ್ಣವಾಗಿ ಇರುವುದು ಕ್ಯಾಥೊಲಿಕ್ ಸಭೆಯಲ್ಲಿ ಅನ್ನುವ ಹಕ್ಕು ಬಿಟ್ಟಿಲ್ಲ. ಬಿಡುವುದೂ ಇಲ್ಲ. 2000ದಲ್ಲಿ ಕಾರ್ಡಿನಲ್ ರಾಟ್ಸಿಂಗರ್ (ಮುಂದೆ ಪೋಪ್ 16ನೆಯ ಬೆನೆಡಿಕ್ಟ್ ಆದವರು) ಅವರ ಕಚೇರಿ, ಅಂದರೆ ಬೋಧನೆಯನ್ನು ಕಾಯುವ ರೋಮಿನ ಕಚೇರಿ, ಹೊರಡಿಸಿದ ದಾಖಲೆಯಲ್ಲಿ, ಬಿಷಪ್ಪರ ಸಾಲು ಉಳಿಸಿಕೊಳ್ಳದವರು ನಿಜವಾದ ಅರ್ಥದಲ್ಲಿ 'ಸಭೆ'ಗಳಲ್ಲ, 'ಸಭಾ ಸಮುದಾಯಗಳು' ಅಂತ ಬಂತು. ಪ್ರಾಟೆಸ್ಟಂಟರಿಗೆ ತುಂಬಾ ನೋವಾಯಿತು. ವಿಚಿತ್ರ ಅಂದರೆ ಅದಕ್ಕೆ ಒಂದು ವರ್ಷ ಹಿಂದೆ, 1999ರ ಅಕ್ಟೋಬರ್ 31ರಂದು, ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ನಾವೂ ಒಟ್ಟಿಗೆ ಸಹಿ ಹಾಕಿದ್ದೆವು. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಕೃಪೆಯಿಂದ, ತನ್ನ ಪುಣ್ಯದ ಗಳಿಕೆಯಿಂದಲ್ಲ ಅಂತ. ಲೂಥರ್ ಜಗಳದ ಬೇರು ಇದ್ದದ್ದೇ ಅಲ್ಲಿ. ಮುಂದೆ ಮೆಥಡಿಸ್ಟರು, ರಿಫಾರ್ಮ್ಡ್ ಸಭೆಯವರು ಕೂಡ ಅದಕ್ಕೆ ಸೇರಿಕೊಂಡರು. ಬೇರು ಒಣಗಿದೆ, ಮರ ಇನ್ನೂ ನಿಂತಿದೆ.

ಈಗ ಅಜ್ಜನ ಮಾತಿಗೆ ಬರೋಣ. ಇಲ್ಲಿ ಲೆಕ್ಕವೇ ಬೇರೆ. ನಿಮ್ಮನ್ನೂ ನನ್ನನ್ನೂ ಒಂದೇ ದೀಕ್ಷಾಸ್ನಾನ ಕಟ್ಟುತ್ತದೆ. ಅಜ್ಜನ ವಿಷಯದಲ್ಲಿ ಅದಿಲ್ಲ.

ನಿಮ್ಮ ಹಿರಿಯರು ಸುಮ್ನೆ ಹೇಳಿದ್ದಲ್ಲ ಅನ್ನುವುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. 1442ರಲ್ಲಿ ಫ್ಲಾರೆನ್ಸ್ ಮಹಾಸಭೆ, ಸಾಯುವ ಮುಂಚೆ ಧರ್ಮಸಭೆ ಸೇರದಿದ್ದರೆ ಅನ್ಯಧರ್ಮೀಯರು, ಯೆಹೂದ್ಯರು, ಪಾಷಂಡಿಗಳು, ಒಡಕು ಮಾಡಿದವರು ಎಲ್ಲರೂ ನಿತ್ಯ ಬೆಂಕಿಗೆ ಅಂತ ಸ್ಪಷ್ಟವಾಗಿ ಬರೆದಿದೆ. ಅದನ್ನು ಇಲ್ಲ ಅನ್ನಲಾಗುವುದಿಲ್ಲ. ಆ ಬಿಷಪ್ಪರ ಕಣ್ಣಿಗೆ ಕಂಡ ಪ್ರಪಂಚ ಎಷ್ಟು ದೊಡ್ಡದು ಅನ್ನುವುದನ್ನೂ ನೋಡಬೇಕು. ಯೂರೋಪು, ಸುತ್ತಲ ಸಮುದ್ರ, ಆಚೆ ಮುಸ್ಲಿಂ ದೊರೆಗಳು. ಕ್ರಿಸ್ತನ ಸುದ್ದಿ ಎಲ್ಲರಿಗೂ ಮುಟ್ಟಿದೆ, ಒಪ್ಪದವರು ಬೇಕಂತಲೇ ಒಪ್ಪಿಲ್ಲ ಅಂತ ಅವರು ಅಂದುಕೊಂಡಿದ್ದರು.

ಐವತ್ತು ವರ್ಷದಲ್ಲಿ ಕೊಲಂಬಸ್ ಅಮೆರಿಕ ಮುಟ್ಟಿದ. ಒಂದೂವರೆ ಸಾವಿರ ವರ್ಷ ಯೇಸುವಿನ ಹೆಸರೇ ಕೇಳದ ಜನ, ಊರುಗಳು, ರಾಜ್ಯಗಳು! ಇವರೆಲ್ಲ ಕೇಳದ ತಪ್ಪಿಗೆ ನರಕಕ್ಕಾ? ಸ್ಪೇನಿನ ಸಲಮಾಂಕದಲ್ಲಿ ಪಾಠ ಹೇಳುತ್ತಿದ್ದ ಡೊಮಿನಿಕನ್ ಗುರು ಫ್ರಾನ್ಸಿಸ್ಕೊ ದ ವಿಟೋರಿಯ 1539ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೇಳಿದರೂ ಹೇಗೆ ಕೇಳಿದರು ಅನ್ನುವುದು ಮುಖ್ಯ ಅಂದರು. ಕೈಯಲ್ಲಿ ಕತ್ತಿ ಹಿಡಿದು, ಕೊಲೆ ಸುಲಿಗೆ ಮಾಡುತ್ತ ಸಾರಿದವರ ಮಾತನ್ನು ಆ ಜನ ನಂಬದಿದ್ದರೆ ಅದು ಅವರ ಪಾಪ ಅಂತ ಹೇಳಲಾಗದು. ಗೋವಾದಲ್ಲಿ 1560ರಿಂದ ನಡೆದ ಧರ್ಮವಿಚಾರಣೆಯ (ಇನ್‌ಕ್ವಿಸಿಷನ್) ನೆನಪಿರುವ ಕರಾವಳಿಯವರಿಗೆ ಈ ಮಾತಿನ ತೂಕ ಬಿಡಿಸಿ ಹೇಳಬೇಕಾಗಿಲ್ಲ.

ಈಗ ನೀವು ಕೇಳಬಹುದು, ನಮ್ಮಜ್ಜ ಕೇಳದವರೇನಲ್ಲವಲ್ಲ? ಮಗಳ ಮನೆಯಲ್ಲಿ ಬೈಬಲ್ ಇತ್ತು, ಕ್ರಿಸ್ಮಸ್ಸಿಗೆ ಬಂದು ಊಟ ಮಾಡಿ ಹೋಗುತ್ತಿದ್ದರು, ಯೇಸು ಯಾರು ಅಂತ ಗೊತ್ತಿತ್ತು. 'ತಿಳಿಯದೇ ಹೊರಗುಳಿದವರು' ಅನ್ನುವ ರಿಯಾಯಿತಿ ಅವರಿಗೆ ಹೇಗೆ?

ಇದೇ ಎಲ್ಲಕ್ಕಿಂತ ಗಟ್ಟಿಯಾದ ಪ್ರಶ್ನೆ. ಉತ್ತರ ಬಂದದ್ದು ಒಬ್ಬ ಬಿಗಿ ಪೋಪರಿಂದ. ಒಂಬತ್ತನೆಯ ಪಯಸ್ ಆಧುನಿಕ ವಿಚಾರಗಳನ್ನು ಕಂಡರೆ ಆಗದವರು. ಎಲ್ಲ ಧರ್ಮಗಳೂ ಒಂದೇ ಅನ್ನುವವರನ್ನು ಖಂಡಿಸಿದವರು. ಅವರೇ 1854ರಲ್ಲಿ, ನಿಜವಾದ ಧರ್ಮವನ್ನು ತಮ್ಮ ತಪ್ಪಿಲ್ಲದೆ ಅರಿಯದವರು ದೇವರ ಮುಂದೆ ದೋಷಿಗಳಲ್ಲ ಅಂದರು. ಆಮೇಲೆ ಒಂದು ಮಾತು ಸೇರಿಸಿದರು. ಜನಾಂಗ, ನಾಡು, ಸ್ವಭಾವ ಇನ್ನೂ ಎಷ್ಟೋ ಸಂಗತಿಗಳು ಬೇರೆ ಬೇರೆ ಇರುವಾಗ, ಆ ಅರಿಯದಿರುವಿಕೆಯ ಗೆರೆ ಎಲ್ಲಿ ಮುಗಿಯುತ್ತದೆ ಅಂತ ಎಳೆಯುವ ಸೊಕ್ಕು ಯಾರಿಗಿದೆ? ಅಂದರೆ, ಹೆಸರು ಕಿವಿಗೆ ಬಿದ್ದಿದೆ ಅಂದ ಮಾತ್ರಕ್ಕೆ ಅರಿವಾಗಿದೆ ಅಂತಲ್ಲ. ಹುಟ್ಟಿದಾಗಿನಿಂದ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ನೆಟ್ಟವರು, ಕಾಯಕವೇ ಕೈಲಾಸ ಅಂತ ಕೇಳಿ ಬೆಳೆದವರು. ದೇವರು ತನಗೆ ಅಲ್ಲೇ ಸಿಕ್ಕಿದ್ದಾನೆ ಅಂತ ನಿಮ್ಮಜ್ಜ ಪ್ರಾಮಾಣಿಕವಾಗಿ ನಂಬಿದ್ದರೆ, ಬೈಬಲ್ ಕಪಾಟಿನಲ್ಲಿತ್ತು ಅಂತ ಅವರ ಮೇಲೆ ಕೇಸು ಹಾಕಲು ಬರುವುದಿಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆ ಇದನ್ನೇ ಬಿಡಿಸಿ ಹೇಳಿತು. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನೂ ಧರ್ಮಸಭೆಯನ್ನೂ ಅರಿಯದೆ, ದೇವರನ್ನು ಪ್ರಾಮಾಣಿಕವಾಗಿ ಹುಡುಕುತ್ತ, ಆತ್ಮಸಾಕ್ಷಿ ಹೇಳಿದಂತೆ ಕೃಪೆಯ ನೆರವಿನಿಂದ ಬದುಕಿದವರು ನಿತ್ಯಜೀವ ಪಡೆಯಬಹುದು. 'ಬಹುದು' ಅನ್ನುವುದನ್ನು ಗಮನಿಸಿ. ಗ್ಯಾರಂಟಿ ಕಾರ್ಡ್ ಯಾರಿಗೂ ಇಲ್ಲ. ಕ್ಯಾಥೊಲಿಕರಿಗೂ ಇಲ್ಲ. ಅದೇ ದಾಖಲೆಯಲ್ಲಿ ಎರಡು ಪ್ಯಾರಾ ಹಿಂದೆ, ಸಭೆಯೊಳಗೆ ಇದ್ದೂ ಪ್ರೀತಿಯಲ್ಲಿ ನಿಲ್ಲದವನು ಉದ್ಧಾರವಾಗುವುದಿಲ್ಲ, ಅವನು ಮೈಯಿಂದ ಒಳಗಿದ್ದಾನೆ, ಮನಸ್ಸಿನಿಂದಲ್ಲ, ಅವನಿಗೆ ತೀರ್ಪು ಇನ್ನೂ ಕಠಿಣ ಅಂತಿದೆ. ಈ ಪ್ಯಾರಾ ಭಾಷಣಗಳಲ್ಲಿ ಬರುವುದು ಕಡಿಮೆ. ಯಾಕೆ ಅಂತ ಗೊತ್ತಲ್ಲ.

ಹಾಗಾದರೆ 'ಹೊರಗೆ ಉದ್ಧಾರವಿಲ್ಲ' ಅನ್ನುವ ಮಾತು ರದ್ದಾಯಿತಾ? ಇಲ್ಲ. ಅರ್ಥ ಬದಲಾಯಿತು. ಉದ್ಧಾರವಾಗುವವರು ಯಾರೇ ಆಗಲಿ, ಆಗುವುದು ಕ್ರಿಸ್ತನಿಂದಲೇ ಅನ್ನುವುದು ಈಗಿನ ಅರ್ಥ. ಬೆಂಗಳೂರಿನಲ್ಲಿ ನಲ್ಲಿ ತಿರುಗಿಸಿ ನೀರು ಕುಡಿಯುವವರಿಗೆ ಅದು ತೊರೆಕಾಡನಹಳ್ಳಿಯಿಂದ ಪಂಪಾಗಿ ಬಂದ ಕಾವೇರಿ ಅಂತ ಗೊತ್ತಿರಬೇಕಾಗಿಲ್ಲ. ಬಾಯಾರಿಕೆ ಹೋಗುತ್ತದೆ. ಹಾಗೆ. ಮಾತನ್ನು ಹಳೆಯ ಅರ್ಥದಲ್ಲೇ ಹಿಡಿದು ಜಗ್ಗಿದವರೂ ಇದ್ದರು. ಅಮೆರಿಕದ ಬಾಸ್ಟನ್ನಿನಲ್ಲಿ ಲೆನಾರ್ಡ್ ಫೀನಿ ಅನ್ನುವ ಜೆಸುಯಿಟ್ ಗುರು, ಕ್ಯಾಥೊಲಿಕರಲ್ಲದವರಿಗೆ ಗತಿಯೇ ಇಲ್ಲ ಅಂತ ಸಾರಿದರು. ಆ ಅರ್ಥ ತಪ್ಪು ಅಂತ ರೋಮ್ 1949ರಲ್ಲಿ ಪತ್ರ ಬರೆಯಿತು. ಅವರು ಕೇಳಲಿಲ್ಲ. ರೋಮಿಗೆ ಬನ್ನಿ ಅಂದರೆ ಹೋಗಲಿಲ್ಲ. 1953ರಲ್ಲಿ ಸಭೆಯಿಂದ ಬಹಿಷ್ಕಾರ ಹಾಕಿದರು. ಹೊರಗಿನವರಿಗೆ ಉದ್ಧಾರವಿಲ್ಲ ಅಂದವರೇ ಹೊರಗೆ! 1972ರಲ್ಲಿ ರಾಜಿಯಾಯಿತು ಬಿಡಿ.

ಈ ನಲ್ಲಿ ನೀರಿನ ಮಾತು ಬೇರೆಯವರಿಗೆ ಚುಚ್ಚುತ್ತದೆ ಅನ್ನುವುದೂ ಗೊತ್ತು. ಕಾರ್ಲ್ ರಾಹ್ನರ್ ಅನ್ನುವ ಜರ್ಮನ್ ಪಂಡಿತರು ಇಂಥವರನ್ನು 'ಹೆಸರಿಲ್ಲದ ಕ್ರೈಸ್ತರು' ಅಂದರು. ನಮ್ಮನ್ನು ಕೇಳದೆ ನಮ್ಮನ್ನು ಕ್ರೈಸ್ತರು ಮಾಡಲು ನೀವ್ಯಾರು ಅಂತ ಟೀಕೆ ಬಂತು. ನ್ಯಾಯವೇ. ನಿಮ್ಮಜ್ಜನಿಗೆ 'ನೀವು ಒಳಗೊಳಗೇ ಕ್ರೈಸ್ತರು' ಅಂದಿದ್ದರೆ ಅವರು ನಕ್ಕು, 'ತಮ್ಮಾ, ನೀನು ಒಳಗೊಳಗೇ ಶರಣ' ಅನ್ನುತ್ತಿದ್ದರೋ ಏನೋ. ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಕೃಷ್ಣನೂ, ಬೇರೆ ದೇವತೆಗಳನ್ನು ಶ್ರದ್ಧೆಯಿಂದ ಪೂಜಿಸುವವರು ವಿಧಿ ತಪ್ಪಿದರೂ ನನ್ನನ್ನೇ ಪೂಜಿಸುತ್ತಾರೆ ಅನ್ನುತ್ತಾನೆ. ತನ್ನ ದೇವರೇ ನಿಜ ಅಂತ ನಂಬಿ, ಆ ದೇವರನ್ನು ಜಿಪುಣ ಮಾಡಲು ಒಪ್ಪದವರು ಕೊನೆಗೆ ಬಂದು ನಿಲ್ಲುವುದು ಇಲ್ಲೇ ಅನ್ನಿಸುತ್ತದೆ ನನಗೆ.

ಬೇರೆ ಧರ್ಮಗಳಲ್ಲಿ ಏನಿದೆ ಅನ್ನುವುದರ ಬಗ್ಗೆ ಅದೇ ಮಹಾಸಭೆಯಿಂದ ಒಂದು ಪುಟ್ಟ ಪ್ರಕಟಣೆ 1965ರ ಅಕ್ಟೋಬರ್ 28ರಂದು ಬಂತು. ಕೊನೆಯ ಮತದಾನದಲ್ಲಿ ಪರವಾಗಿ 2,221, ವಿರುದ್ಧವಾಗಿ 88. ಯೆಹೂದ್ಯರ ಮೇಲೆ ಹೊರಿಸಿದ್ದ ಯೇಸು ಹತ್ಯೆಯ ಆರೋಪವನ್ನು ಇಳಿಸುವುದು ಅದರ ಮೊದಲ ಉದ್ದೇಶ. ಮುಸ್ಲಿಮರು ಒಬ್ಬನೇ ದೇವರನ್ನು ಆರಾಧಿಸುವುದನ್ನು ಗೌರವದಿಂದ ನೋಡುತ್ತೇವೆ ಅಂದಿತು. ಹಿಂದೂ ಧರ್ಮದ ಬಗ್ಗೆ ಕೆಲವೇ ಸಾಲು, ಧ್ಯಾನ, ತಪಸ್ಸು, ದೇವರಲ್ಲಿ ಪ್ರೀತಿಯ ಶರಣು ಅಂತ. ನಮ್ಮ ವಚನ ಪರಂಪರೆ, ಜೈನರು, ಸಿಖ್ಖರು ಯಾರ ಹೆಸರೂ ಇಲ್ಲ. ಯೂರೋಪಿನ ಕಣ್ಣಿಗೆ ದೂರದಿಂದ ಕಂಡಷ್ಟು. ಆದರೂ ಒಂದು ಸಾಲು ಗಟ್ಟಿಯಾಗಿದೆ. ಆ ಧರ್ಮಗಳಲ್ಲಿ ನಿಜವೂ ಪವಿತ್ರವೂ ಆದ ಯಾವುದನ್ನೂ ಕ್ಯಾಥೊಲಿಕ್ ಸಭೆ ತಳ್ಳಿಹಾಕುವುದಿಲ್ಲ. ಅದಕ್ಕೂ ಮುಂಚೆ, 1964ರ ಡಿಸೆಂಬರಿನಲ್ಲಿ, ಪೋಪ್ ಆರನೆಯ ಪಾಲ್ ಮುಂಬಯಿಗೆ ಬಂದಾಗ ಬೇರೆ ಧರ್ಮದವರ ಮುಂದೆ 'ಅಸತೋ ಮಾ ಸದ್ಗಮಯ' ಮಂತ್ರವನ್ನು ನೆನೆದು ಮಾತಾಡಿದರು.

ಇದರ ಅರ್ಥ ಎಲ್ಲ ಹೊಳೆಯೂ ಒಂದೇ ಸಮುದ್ರಕ್ಕೆ ಅಂತಲಾ? ನಮ್ಮ ಅಧಿಕೃತ ಬೋಧನೆ ಹಾಗೆ ಹೇಳುವುದಿಲ್ಲ. ಬೇರೆ ಧರ್ಮದವರಿಗೆ ಕೃಪೆ ಸಿಗಬಹುದು, ಆದರೆ ಸಭೆಯಲ್ಲಿರುವ ಸಾಧನಗಳ ಪೂರ್ಣತೆ ಅವರಿಗಿಲ್ಲ ಅಂತ 2000ದ ಅದೇ ದಾಖಲೆ ಹೇಳುತ್ತದೆ, ತುಸು ಒರಟಾಗಿಯೇ. 2024ರಲ್ಲಿ ಸಿಂಗಾಪುರದಲ್ಲಿ ಪೋಪ್ ಫ್ರಾನ್ಸಿಸ್, ಧರ್ಮಗಳೆಲ್ಲ ದೇವರ ಕಡೆಗಿನ ದಾರಿಗಳು, ಬೇರೆ ಬೇರೆ ಭಾಷೆಗಳಿದ್ದ ಹಾಗೆ ಅಂದಾಗ ನಮ್ಮಲ್ಲೇ ಗಲಾಟೆ ಎದ್ದಿತು. ಯುವಜನರ ಜೊತೆ ಬಾಯಿಮಾತಾಗಿ ಹೇಳಿದ್ದು ಅದು, ಬೋಧನೆಯ ದಾಖಲೆಯಲ್ಲ. ನನಗೆ ಆ ಮಾತು ಇಷ್ಟವಾಯಿತು, ಆದರೆ ಅದನ್ನು ಸಭೆಯ ಬೋಧನೆ ಅಂತ ನಿಮಗೆ ಮಾರಿದರೆ ನಾನು ಸುಳ್ಳನಾಗುತ್ತೇನೆ. ಹಾಗಾದರೆ ಸುವಾರ್ತೆ ಯಾಕೆ ಸಾರುತ್ತೀರಿ ಅಂತ ಕೇಳಿದರೆ, ಒಳ್ಳೆಯದು ಸಿಕ್ಕಿದೆ ಅನ್ನಿಸಿದವರು ಸುಮ್ಮನಿರಲಾರರು ಅನ್ನುವುದೇ ಉತ್ತರ. ಒತ್ತಾಯ ಮಾತ್ರ ಕೂಡದು. ಅದೂ ನಮ್ಮ ಕಾನೂನಿನಲ್ಲೇ ಇದೆ.

ಇನ್ನು ನೇರ ಪ್ರಶ್ನೆ. ಅಜ್ಜ ಎಲ್ಲಿದ್ದಾರೆ? ನಾನು ಹೇಳಲಾರೆ. ಆ ಹಿರಿಯರೂ ಹೇಳಲಾರರು. ನಮ್ಮ ಸಭೆ ಸಾವಿರಾರು ಜನರನ್ನು ಸಂತರು ಅಂತ ಸಾರಿದೆ. ಆದರೆ ಇಂಥವರು ನರಕದಲ್ಲಿದ್ದಾರೆ ಅಂತ ಒಬ್ಬೇ ಒಬ್ಬರ ಹೆಸರನ್ನೂ ಇವತ್ತಿನವರೆಗೆ ಸಾರಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನ ಹೆಸರನ್ನು ಕೂಡ. ಸಭೆಯೇ ತುಂಬದ ಆ ಜಾಗವನ್ನು ನೆಂಟರು ತುಂಬುವುದು ಬೇಡ.

ಮುಂದಿನ ಸಲ ಪೂಜೆಗೆ ಹೋದಾಗ ಒಂದು ವಿಷಯ ಗಮನಿಸಿ. ಪರಮಪ್ರಸಾದಕ್ಕೆ ಏಳುವ ಮುಂಚೆ ಎಲ್ಲರೂ, ಸ್ವಾಮಿ, ನೀವು ನನ್ನ ಬಳಿಗೆ ಬರಲು ನಾನು ಯೋಗ್ಯನಲ್ಲ ಅನ್ನುವ ಪ್ರಾರ್ಥನೆ ಹೇಳುತ್ತಾರೆ. ಆ ಮಾತು ಮೊದಲು ಹೇಳಿದವನು ಒಬ್ಬ ರೋಮನ್ ಸೈನ್ಯಾಧಿಕಾರಿ. ಅನ್ಯಧರ್ಮೀಯ. ತನ್ನ ಆಳಿಗೆ ಹುಷಾರಿಲ್ಲ ಅಂತ ಯೇಸುವಿನ ಹತ್ತಿರ ಬಂದವನು. ಇಂಥ ವಿಶ್ವಾಸ ಇಸ್ರಯೇಲಿನಲ್ಲೂ ಕಾಣಲಿಲ್ಲ ಅಂತ ಯೇಸು ಬೆರಗಾದದ್ದು ಅವನನ್ನು ನೋಡಿ. ಎಲ್ಲಕ್ಕಿಂತ ಪವಿತ್ರ ಅಂತ ನಾವು ನಂಬುವ ಗಳಿಗೆಗೆ ನಮ್ಮ ಬಾಯಲ್ಲಿ ಬರುವುದು ಆ ಹೊರಗಿನವನ ಮಾತು.

ಕೊನೆಯದು, ಅಜ್ಜನ ಹೆಸರಿನ ಪೂಜೆ. ಧಾರಾಳವಾಗಿ ಹೇಳಿಸಿ. ಬದುಕಿರುವ ಅಥವಾ ತೀರಿಕೊಂಡ ಯಾರಿಗಾಗಿ ಬೇಕಾದರೂ ಗುರುಗಳು ಬಲಿಪೂಜೆ ಅರ್ಪಿಸಬಹುದು. ಅವರ ಧರ್ಮ ಯಾವುದು ಅಂತ ನಿಯಮ ಕೇಳುವುದಿಲ್ಲ. ಪೂಜೆಯ ನಾಲ್ಕನೆಯ ಕೃತಜ್ಞತಾ ಪ್ರಾರ್ಥನೆಯಲ್ಲಿ, ಯಾರ ವಿಶ್ವಾಸ ದೇವರೊಬ್ಬನಿಗೇ ಗೊತ್ತೋ ಅಂಥ ಸತ್ತವರೆಲ್ಲರಿಗಾಗಿ ಬೇಡುವ ಒಂದು ಸಾಲಿದೆ. ಆ ಪ್ರಾರ್ಥನೆಯನ್ನೇ ಹೇಳಿ ಅಂತ ಫಾದರಿಗೆ ಕೇಳಿಕೊಳ್ಳಿ. ನಿಮ್ಮ ಸಭಾಪಾಲಕರಿಗೆ ಇದು ಅಷ್ಟು ಹಿಡಿಸಲಿಕ್ಕಿಲ್ಲ. ಸತ್ತವರಿಗಾಗಿ ಪ್ರಾರ್ಥಿಸುವ ಮಾತು ಬರುವ ಮಕ್ಕಬಿಯರ ಎರಡನೆಯ ಗ್ರಂಥ ನಿಮ್ಮ 66 ಪುಸ್ತಕಗಳ ಬೈಬಲ್ಲಿನಲ್ಲಿ ಇಲ್ಲ, ನಮ್ಮ 73ರಲ್ಲಿ ಇದೆ. ಆ ಜಗಳ ಇನ್ನೊಂದು ಪತ್ರಕ್ಕಿರಲಿ. ಆಫೀಸಿನಲ್ಲಿ ಹೆಸರು ಬರೆಸುವಾಗ ಅಜ್ಜನ ಹೆಸರನ್ನು ಇದ್ದ ಹಾಗೇ ಬರೆಸಿ, ಮನೆತನದ ಹೆಸರು ಸೇರಿಸಿ. ಗುಮಾಸ್ತರು ತಲೆ ಎತ್ತಿ ನೋಡಿದರೆ, 'ನಮ್ಮಜ್ಜ' ಅನ್ನಿ.